ಕೂದಲಿನವರ ಕಡೇ ಹಾಡು

ನನಗೊಂದು ವಿಚಿತ್ರ ಅಭ್ಯಾಸವಿದೆ. ಯಾವ ಸಿ.ಡಿ. ಹಾಕಿದರೂ ಅದು ಮುಗಿದ ಕೂಡಲೇ ಏಳುವುದಿಲ್ಲ. ಒಳಗಿನ ತಟ್ಟೆ ತಿರುಗುವುದು ನಿಂತು, ನನ್ನ ಯಜಮಾನರು ಕರೆಂಟು ದಂಡವೆಂದು ಗೊಣಗುತ್ತ ಬಂದು ಸ್ವಿಚ್ ಆರಿಸಿದರೂ, ಇನ್ನೇನೋ ಬರಲಿಕ್ಕಿದೆ ಎಂಬಂತೆ ಕೂತೇ ಇರುತ್ತೇನೆ. ಮದುವೆಯೂಟದಲ್ಲಿ ಮಜ್ಜಿಗೆ ಅನ್ನ ಮುಗಿದ ಮೇಲೂ ಎಲೆಯ ಮುಂದಿನಿಂದ ಏಳದವರನ್ನು ನೀವು ನೋಡಿರುತ್ತೀರಿ. ಪಾಯಸ ಇನ್ನೊಂದು ಸುತ್ತು ಬಂದೀತೆಂದು ಅವರಿಗೆ ಆಸೆ. ನನ್ನದೂ ಅದೇ ಜಾತಿ. ಈ ರೋಗ ಹತ್ತಿಸಿದವರು ಇಂಗ್ಲೆಂಡಿನ ನಾಲ್ಕು ಜನ ಗಂಡಸರು ಮತ್ತು ನನ್ನ ಅಣ್ಣ ಜನಾರ್ದನ.

ಆ ನಾಲ್ವರ ತಂಡದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಯಾರವರು ಎನ್ನುತ್ತೀರಿ, ಉಳಿದರ್ಧ ಜನ ಓ ಅವರೇ ಎಂದು ಮೂಗು ಮುರಿಯುತ್ತೀರಿ. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ನಮ್ಮ ಮನೆಯಲ್ಲಿ ಅವರ ಹೆಸರು ಕೂದಲಿನವರು. ಇಟ್ಟವರು ನಮ್ಮ ಅಜ್ಜಿ. ಅಣ್ಣ ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿ ನಾಲ್ವರಿಗೂ ಬೆನ್ನಿನ ತುಂಬ ಕೂದಲು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, ಪಾಪ, ಈ ಮಕ್ಕಳಿಗೆ ಎಣ್ಣೆ ಹಾಕಿ ತಲೆ ಬಾಚುವವರು ಯಾರೂ ಇಲ್ಲವೇ ಎಂದು ಮರುಗಿದರು. ಆಮೇಲೆ ಕಾಲ ಸರಿದು ಅವರಲ್ಲಿ ಮೂವರ ತಲೆ ಬೋಳಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ನಮ್ಮದು ಹೋಟೆಲಿನ ಮನೆ. ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದ ಅಜ್ಜ ಕೀಲ್ಪಾಕಿನಲ್ಲಿ ಸಸ್ಯಾಹಾರಿ ಹೋಟೆಲು ತೆರೆದರು. ಅದರ ಮೇಲಿನ ಮಾಳಿಗೆಯಲ್ಲೇ ನಾವೆಲ್ಲ ಹುಟ್ಟಿ ಬೆಳೆದೆವು. ಕೆಳಗಿನಿಂದ ಒಗ್ಗರಣೆಯ ಘಾಟು, ಸಪ್ಲೈಯರುಗಳು ‘ಎರಡು ರವೆ, ಒಂದು ಸಾದಾ’ ಎಂದು ಕೂಗುವುದು, ಸ್ಟೀಲಿನ ಲೋಟಗಳ ಸದ್ದು. ಮೇಲೆ ಟೇಪ್ ರೆಕಾರ್ಡರಿನಲ್ಲಿ ಕೂದಲಿನವರು. ಎರಡೂ ಸೇರಿ ನನ್ನ ತಲೆಯಲ್ಲಿ ಎಂಥ ಕಲಸುಮೇಲೋಗರ ಆಗಿದೆ ಎಂದರೆ, ಇವತ್ತಿಗೂ ಡ್ರಮ್ಮಿನ ಸದ್ದು ಕೇಳಿದರೆ ನನಗೆ ಹಸಿವಾಗುತ್ತದೆ.

ಆಗ ಇಂಗ್ಲಿಷ್ ಹಾಡುಗಳ ಗ್ರಾಮಫೋನ್ ತಟ್ಟೆ ಕೊಳ್ಳುವುದು ನಮ್ಮಂಥವರಿಗೆ ಆಗದ ಮಾತು. ಪುರಸವಾಕ್ಕಂನಲ್ಲಿ ಒಂದು ರೆಕಾರ್ಡಿಂಗ್ ಅಂಗಡಿಯಿತ್ತು. ಬೇಕಾದ ತಟ್ಟೆಯ ಹೆಸರು ಹೇಳಿ ಬಂದರೆ, ಅಂಗಡಿಯವ ಅದನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದ. ರಟ್ಟಿನ ಮೇಲೆ ತಂಡದ ಹೆಸರು ಮಾತ್ರ ಬರೆಯುತ್ತಿದ್ದ, ಹಾಡುಗಳ ಹೆಸರು ಬರೆಯುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಕಾಲೇಜಿನಲ್ಲಿದ್ದ ಅಣ್ಣ ಹಾಗೆ ತುಂಬಿಸಿಕೊಂಡು ಬಂದ ಒಂದೇ ಒಂದು ಕ್ಯಾಸೆಟ್ಟಿನ ಮೇಲೆ ನಮ್ಮ ಇಡೀ ಪಾಂಡಿತ್ಯ ನಿಂತಿತ್ತು.

ಆ ಕ್ಯಾಸೆಟ್ಟಿನ ಎರಡನೇ ಬದಿಯ ಕೊನೆಗೆ ಒಂದು ಗಲಾಟೆಯ ಹಾಡು. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಎಲ್ಲ ಆಯಿತೆಂದು ಏಳಬೇಕು, ಆಗ ಒಂದೇ ಒಂದು ಗಿಟಾರು ಸಣ್ಣಗೆ ಶುರುವಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದ ಹಾಗೆ ಒಬ್ಬ ಗಂಡಸು ಹಾಡುತ್ತಿದ್ದ. ಮಾತು ಅರ್ಧವೂ ತಿಳಿಯುತ್ತಿರಲಿಲ್ಲ. ಅದನ್ನು ನಾವು ಕಡೇ ಹಾಡು ಎಂದು ಕರೆಯುತ್ತಿದ್ದೆವು. ಅಷ್ಟು ಅಬ್ಬರ ಮಾಡಿದವರು ಕೊನೆಗೆ ಹೀಗೆ ತಗ್ಗಿದ್ದರಲ್ಲೇ ಅವರ ದೊಡ್ಡತನವಿದೆ ಎಂದು ನಾನು ಕಾಲೇಜಿನ ಗೆಳತಿಯರಿಗೆ ಲಂಗ ದಾವಣಿಯಲ್ಲಿ ನಿಂತು ಉಪನ್ಯಾಸ ಕೊಟ್ಟಿದ್ದೇನೆ. ದನಿ ಬೇರೆ ಇದೆಯಲ್ಲ ಎಂದು ಒಬ್ಬಳು ಕೇಳಿದಾಗ, ಅದನ್ನು ಹಾಡಿದವನು ಡ್ರಮ್ ಬಾರಿಸುವವನು ಎಂದು ಯೋಚನೆಯನ್ನೇ ಮಾಡದೆ ಹೇಳಿದೆ. ಹೇಳಿದ ಮೇಲೆ ನನಗೂ ಅದೇ ನಿಜವೆನ್ನಿಸಿತು.

ಅನುಮಾನ ಪಟ್ಟವನು ಪಾರ್ಥಸಾರಥಿ ಒಬ್ಬನೇ. ಅವನು ಅಣ್ಣನ ಕಾಲೇಜಿನ ಗೆಳೆಯ, ತಿರುವಲ್ಲಿಕೇಣಿಯಲ್ಲಿ ಎಷ್ಟೋ ತಲೆಮಾರಿನಿಂದ ಇರುವ ವೈಷ್ಣವರ ಮನೆಯವನು, ಈಗ ಬ್ಯಾಂಕಿನಲ್ಲಿ ಅಧಿಕಾರಿ. ಒಮ್ಮೆ ಅಡ್ಯಾರಿನ ಯಾರದೋ ಮನೆಯಲ್ಲಿ ಅವನು ಆ ತಟ್ಟೆಯ ಹೊದಿಕೆಯನ್ನೇ ನೋಡಿ ಬಂದ. ಅದರಲ್ಲಿ ಒಂದು ಹಾಡು ಕಡಿಮೆ ಇದೆ ಎಂದ. ಅಣ್ಣ ಅವನ ಹತ್ತಿರ ಕೆಲವು ದಿನ ಮಾತು ಬಿಟ್ಟ. ಆಮೇಲೆ ತಾನೇ ಹೋಗಿ, ಕೆಲವು ಹಾಡಿನ ಹೆಸರು ಅಚ್ಚು ಹಾಕಿಸುವುದಿಲ್ಲ, ಹುಡುಕಿದವರಿಗೆ ಸಿಗಲಿ ಎಂದು ಬಿಡುತ್ತಾರೆ ಎಂದು ತೀರ್ಪು ಕೊಟ್ಟು ಬಂದ. ಪಾರ್ಥ ಒಪ್ಪಿದನೋ, ನಮ್ಮ ಹೋಟೆಲಿನ ಕಾಫಿಯ ಆಸೆಗೆ ಸುಮ್ಮನಾದನೋ ಗೊತ್ತಿಲ್ಲ.

ಇನ್ನೊಂದು ಕ್ಯಾಸೆಟ್ಟಿಗೆ ಅದನ್ನು ತುಂಬಿಸಿಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಪಾರ್ಥನೂ ಕೇಳಿದ್ದ. ಸಾಂಬಾರು ಪುಡಿಯ ಅಳತೆಯನ್ನು ಸೊಸೆಯಂದಿರಿಗೂ ಪೂರ್ತಿ ಹೇಳದ ಮನೆತನ ನಮ್ಮದು. ಅಣ್ಣ ಕೊಡಲಿಲ್ಲ. ಅಪ್ಪ ಕಾಲವಾದ ಮೇಲೆ ಅವನು ಹೋಟೆಲಿನ ಗಲ್ಲಾದ ಮೇಲೆ ಕೂತ, ಹಾಡು ಕೇಳುವ ಬಿಡುವು ಹೋಯಿತು. ನನ್ನ ಮದುವೆಯಲ್ಲಿ ಕ್ಯಾಸೆಟ್ಟನ್ನು ನನ್ನ ಸೀರೆಗಳ ಅಡಿಯಲ್ಲಿ ತುರುಕಿ ಕಳಿಸಿದ. ನಮ್ಮ ಸಂಸಾರ ವೇಲಚೇರಿಯ ನೆಲ ಅಂತಸ್ತಿನ ಫ್ಲಾಟಿನಲ್ಲಿ. ವೇಲಚೇರಿ ಎಂದರೆ ಮದರಾಸಿನ ಮಳೆನೀರೆಲ್ಲ ಬಂದು ನಿಲ್ಲುವ ತಗ್ಗು. ಒಂದು ವರ್ಷ ಮಳೆಗೆ ಮೊಣಕಾಲಿನ ಮೇಲಿನ ತನಕ ನೀರು ಬಂತು. ಅಕ್ಕಿ ಡಬ್ಬ, ಮದುವೆಯ ಆಲ್ಬಮ್ಮು, ಕಡೇ ಹಾಡು ಎಲ್ಲ ಒಟ್ಟಿಗೆ ತೇಲಿದವು. ಕ್ಯಾಸೆಟ್ಟನ್ನು ತೊಳೆದೆ, ಒಣಗಿಸಿದೆ, ರೀಲನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದೆ. ಅದರೊಳಗೆ ಕೆಸರಿನ ಗರಗರ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಅಣ್ಣ ಬೈಯಲಿಲ್ಲ. ಹೇಗೂ ಎಲ್ಲಿಯಾದರೂ ಸಿಗುತ್ತದೆ ಎಂದ. ಸಿಗಲಿಲ್ಲ. ಕೂದಲಿನವರು ತಮ್ಮತಮ್ಮಲ್ಲೇ ಜಗಳವಾಡಿ ಕೋರ್ಟು ಹತ್ತಿದ್ದರಿಂದ ಆ ತಟ್ಟೆ ಸಿ.ಡಿ.ಯಾಗಿ ಬಂದೇ ಇರಲಿಲ್ಲ.

ಹೀಗಿರುವಾಗ ಅಣ್ಣನ ಕಿವಿ ಕೈಕೊಡತೊಡಗಿತು. ಅವನ ಎಡಕಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಸೋರುತ್ತಿದ್ದ ಕಿವಿಗೆ ಅಜ್ಜಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಬಿಟ್ಟು ಅದನ್ನು ಪೂರ್ತಿ ಮುಗಿಸಿದ್ದರು. ಅವನು ಬದುಕಿದ್ದು ಬಲಗಿವಿಯ ಮೇಲೆ. ಗಲ್ಲಾದಲ್ಲಿ ಕೂತರೆ ಯಾವ ಮೇಜಿಗೆ ಏನು ಹೋಯಿತೆಂದು ಸಪ್ಲೈಯರುಗಳ ಕೂಗಿನಿಂದಲೇ ಹೇಳುತ್ತಿದ್ದ. ಈಗ ಆ ಕಿವಿಯೂ ಸೋರಲು ಶುರುವಾಗಿ, ಗಿರಾಕಿಗಳು ಹೇಳಿದ್ದನ್ನು ಮತ್ತೆ ಮತ್ತೆ ಕೇಳತೊಡಗಿದ. ಡಾಕ್ಟರು ಪರೀಕ್ಷೆ ಮಾಡಿ, ಕಿವಿಯ ಹಿಂದಿನ ಮೂಳೆಯನ್ನು ರೋಗ ತಿಂದಿದೆ, ಕೊರೆದು ತೆಗೆಯಬೇಕು, ಬಿಟ್ಟರೆ ಮಿದುಳಿಗೆ ಏರುತ್ತದೆ ಎಂದರು. ಕಿವಿ ಕೇಳಿಸುವುದು ಉಳಿಯುತ್ತದೆಯೇ ಎಂದು ಅತ್ತಿಗೆ ಶಾರದಾ ಕೇಳಿದಳು. ಪ್ರಯತ್ನ ಮಾಡುತ್ತೇನೆ, ಮಾತು ಕೊಡಲಾರೆ ಎಂದರು. ಆ ದಿನ ಮನೆಗೆ ಬಂದು ಯಾರೂ ಊಟ ಮಾಡಲಿಲ್ಲ.

ಆ ವಾರದಲ್ಲೇ ಸುದ್ದಿ ಬಂದದ್ದು. ತಂದವಳು ಅಣ್ಣನ ಮಗಳು ಮೇಧಾ, ಹೈಸ್ಕೂಲಿನ ಹುಡುಗಿ. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಶಾಲೆ ಬಿಟ್ಟ ಮೇಲೆ ಬ್ರೌಸಿಂಗ್ ಸೆಂಟರಿಗೆ ಹೋಗಿ ಕೂದಲಿನವರ ವಿಚಾರ ನೋಡಿ ಬರುವ ಕೆಲಸವನ್ನು ಅಪ್ಪನಿಗಾಗಿ ವಹಿಸಿಕೊಂಡಿದ್ದಳು. ಕೂದಲಿನವರು ರಾಜಿಯಾಗಿದ್ದಾರಂತೆ, ಆ ಹಳೇ ತಟ್ಟೆಯನ್ನು ಚೊಕ್ಕಟ ಮಾಡಿ ಮತ್ತೆ ತರುತ್ತಾರಂತೆ, ಅದರ ಜೊತೆಗೆ ಆ ಕಾಲದಲ್ಲಿ ಹೊರಬರದ ಕೆಲವು ಹಾಡುಗಳು, ಮೇಲೆ ಒಂದು ಹೊಚ್ಚಹೊಸ ಹಾಡು. ಬರುವ ತಿಂಗಳೇ ಬಿಡುಗಡೆ. ಪಾರ್ಥ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಓಡಿ ಬಂದ. ನಾನು ವೇಲಚೇರಿಯಿಂದ ಎರಡು ಬಸ್ಸು ಬದಲಿಸಿ ಹೋದೆ. ಇಬ್ಬರೂ ನಡುವಯಸ್ಸಿನವರು, ಒಬ್ಬನಿಗೆ ಸಕ್ಕರೆ ಕಾಯಿಲೆ, ಒಬ್ಬಳಿಗೆ ಮಂಡಿ ನೋವು, ಕೂತು ಕಾಲೇಜಿನವರ ಹಾಗೆ ವಾದ ಮಾಡಿದೆವು. ಹೊಸ ಹಾಡಿನಲ್ಲಿ ಯಾರು ಹಾಡುತ್ತಾರೆ, ದನಿ ಉಳಿದಿದೆಯೋ ಇಲ್ಲವೋ, ವಯಸ್ಸಾದ ಮೇಲೆ ಇವರಿಗೆ ಇದೆಲ್ಲ ಬೇಕಿತ್ತೇ. ಅಣ್ಣ ಯಾವ ವಾದಕ್ಕೂ ಬರಲಿಲ್ಲ. ಎಲ್ಲ ಮುಗಿದ ಮೇಲೆ ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಹೇಳಿದ.

“ಕಿವಿ ಹೋಗುದಾದ್ರೆ ಹೋಗ್ಲಿ ಮಾರಾಯ್ತಿ. ಕಡೇ ಹಾಡು ಒಂದ್ಸಲ ಕೇಳಿ ಹೋಗ್ಲಿ.”

ಅಲ್ಲಿಂದ ನಾನು ದಿನ ಎಣಿಸತೊಡಗಿದೆ. ಆಪರೇಷನ್ನನ್ನು ಬಿಡುಗಡೆಯ ನಂತರದ ವಾರಕ್ಕೆ ಇಟ್ಟುಕೊಳ್ಳಲು ಡಾಕ್ಟರು ಒಪ್ಪಿದ್ದರು, ಕಾರಣ ಮಾತ್ರ ನಾವು ಹೇಳಿರಲಿಲ್ಲ. ಹೇಳಿದ್ದರೆ ಮೂವರನ್ನೂ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಮೌಂಟ್ ರೋಡಿನ ಅಂಗಡಿಯಲ್ಲಿ ಪಾರ್ಥ ಮುಂಗಡ ಕೊಟ್ಟು ಬಂದ. ಕಚೇರಿಯಲ್ಲಿ ನನಗೆ ಕೆಲಸ ಓಡುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಅಂಗಡಿಯದೋ ಆಸ್ಪತ್ರೆಯದೋ ಎಂದು ಓಡಿ ಹೋಗಿ ಎತ್ತುತ್ತಿದ್ದೆ. ಇದರ ಮೇಲೆ ಇನ್ನೊಂದು ಭಯ. ಪಾರ್ಥ ಅಡ್ಯಾರಿನಲ್ಲಿ ಎಣಿಸಿದ್ದು ಸರಿಯಾಗಿದ್ದರೆ? ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಪಾರ್ಥನೂ ಹೇಳಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ತಪ್ಪಿಸುತ್ತಿದ್ದೆವು.

ಬಿಡುಗಡೆಯ ದಿನ ಬಂತು, ಸಿ.ಡಿ. ಬರಲಿಲ್ಲ. ಲಂಡನ್ನಿನಲ್ಲಿ ಬಂದರೆ ಮದರಾಸಿನಲ್ಲಿ ಬಂದ ಹಾಗಾಗುವುದಿಲ್ಲ ಎಂದು ನಮಗೆ ಹೊಳೆದೇ ಇರಲಿಲ್ಲ. ಸರಕು ಬೊಂಬಾಯಿಗೆ ಬಂದಿದೆ ಎಂದರು. ಆಮೇಲೆ ಅಲ್ಲಿಂದ ಹೊರಟಿದೆ ಎಂದರು. ಅಷ್ಟರಲ್ಲಿ ಅಣ್ಣ ಒಂದು ಬೆಳಿಗ್ಗೆ ಗಲ್ಲಾದಿಂದ ಏಳಲು ಹೋಗಿ ತಲೆ ತಿರುಗಿ ಕುಸಿದ. ಡಾಕ್ಟರು ನೋಡಿ, ಇನ್ನು ಕಾಯುವ ಹಾಗಿಲ್ಲ, ಈವತ್ತೇ ಸೇರಿಸಿ, ನಾಳೆ ಬೆಳಿಗ್ಗೆ ಆಪರೇಷನ್ ಎಂದುಬಿಟ್ಟರು. ಪಾರ್ಥನಿಗೆ ಫೋನು ಮಾಡಿದೆ. ಅವನು ಆಗಲೇ ಅಂಗಡಿಯಲ್ಲಿ ನಿಂತಿದ್ದ.

“ಏನಮ್ಮಾ ಮಾಡೋದು, ಪಾರ್ಸೆಲ್ ಇನ್ನೂ ವರಲೈ ಅಂತಾನೆ,” ಎಂದ. “ಸಾಯಂಕಾಲ ಬಂದ್ರೂ ಬರಬಹುದಂತೆ. ನಾನು ಇಲ್ಲೇ ಕೂತಿರ್ತೀನಿ. ಎದ್ದು ಹೋದ್ರೆ ಇವನು ಬೇರೆಯವನಿಗೆ ಕೊಟ್ಟಾನು.”

ಸಂಜೆ ನರ್ಸಿಂಗ್ ಹೋಮಿನ ಕೋಣೆಯಲ್ಲಿ ನಾವು ನಾಲ್ಕು ಜನ. ಅಣ್ಣ ಮಂಚದ ಮೇಲೆ ಕೂತಿದ್ದ, ಬಲಗಿವಿಯ ಸುತ್ತ ಕೂದಲು ಬೋಳಿಸಿದ್ದರು. ಮೇಧಾ ಗೆಳತಿಯಿಂದ ಇಸಕೊಂಡು ಬಂದ ಸಣ್ಣ ಸಿ.ಡಿ. ಪ್ಲೇಯರಿಗೆ ಹೊಸ ಬ್ಯಾಟರಿ ಹಾಕಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅತ್ತಿಗೆ ಮನೆಯಿಂದ ತಂದ ಗಂಜಿಯ ಮುಚ್ಚಳ ತೆಗೆಯುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದಳು. ಯಾರಾದರೂ ಬಾಗಿಲ ಹತ್ತಿರ ಬಂದರೆ ನಾಲ್ವರೂ ತಿರುಗಿ ನೋಡುತ್ತಿದ್ದೆವು. ಒಂದು ಸಲ ನರ್ಸು, ಒಂದು ಸಲ ಪಕ್ಕದ ಕೋಣೆಗೆ ಬಂದು ದಾರಿ ತಪ್ಪಿದ ಒಬ್ಬ ಮುದುಕ. ಭೇಟಿಯ ವೇಳೆ ಮುಗಿಯುತ್ತ ಬಂದಿತ್ತು. ನನಗೆ ಕೂರಲಾಗದೆ ಮೆಟ್ಟಿಲಿಗೆ ಹೋಗಿ ನಿಂತೆ.

ಪಾರ್ಥ ಬಂದ. ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಅವನ ಕೈಯಲ್ಲಿ ಸಿ.ಡಿ. ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಭೇಟಿ ಮುಗಿಯಿತೆಂದು ಎಬ್ಬಿಸಲು ಬಂದ ನರ್ಸಿನ ಕೈ ಹಿಡಿದು ಇನ್ನು ಸ್ವಲ್ಪ ಹೊತ್ತು ಕೊಡಿ ಎಂದು ತಮಿಳಿನಲ್ಲಿ ಬೇಡಿದವಳು ಅತ್ತಿಗೆ. ಹಾಡಿನ ಹುಚ್ಚನ್ನೆಲ್ಲ ಇಷ್ಟು ವರ್ಷ ಹೊಟ್ಟೆ ತುಂಬಿದವರ ಆಟವೆಂದು ಹೇಳಿಕೊಂಡು ಬಂದವಳು ಅವಳೇ.

ಮೇಧಾ ಅಪ್ಪನ ಬಲಗಿವಿಗೆ ಇಯರ್‌ಫೋನನ್ನು ನೋವಾಗದ ಹಾಗೆ ಒತ್ತಿ ಹಿಡಿದಳು. ಕೊನೆಗೆ ಹೋಗು, ಗಲಾಟೆ ಹಾಡು ಬೇಡ, ಅದು ಮುಗಿದ ಮೇಲಿನದು ಹಾಕು ಎಂದ ಅಣ್ಣ. ಅವಳು ಗುಂಡಿ ಒತ್ತಿದಳು. ಅಣ್ಣ ಕಣ್ಣು ಮುಚ್ಚಿದ. ಅವನ ಮುಖವನ್ನು ನಾವು ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಅವನು ತಲೆ ಅಡ್ಡಡ್ಡ ಆಡಿಸಿದ. ಮುಂದಿನದು. ಅದೂ ಅಲ್ಲ. ಮುಂದಿನದು. ಹೊರಬರದ ಹಾಡುಗಳು ಒಂದೊಂದೇ ಬಂದವು, ಹೋದವು. ಹೊಸ ಹಾಡೂ ಬಂತು. ಅಣ್ಣ ಅದನ್ನು ಪೂರ್ತಿ ಕೇಳಿದ. ನಾನು ಆಮೇಲೆ ಕೇಳಿದ್ದೇನೆ, ಒಳ್ಳೆಯ ಹಾಡು, ಮುದುಕರು ಚೆನ್ನಾಗಿ ಹಾಡಿದ್ದಾರೆ. ಅದು ಮುಗಿದ ಮೇಲೂ ಅಣ್ಣ ಹಾಗೇ ಕೂತಿದ್ದ. ನಾವೂ ಕೂತಿದ್ದೆವು. ಯಂತ್ರ ತಾನಾಗಿಯೇ ನಿಂತಿತು.

ಅದನ್ನು ಯಾರಾದರೂ ಹೇಳಲೇಬೇಕಿತ್ತು. ಪಾರ್ಥ ಹೇಳಿದ, ನೆಲ ನೋಡಿಕೊಂಡು. ಆ ಕಾಲದಲ್ಲಿ ತಟ್ಟೆಗಿಂತ ಕ್ಯಾಸೆಟ್ಟು ಉದ್ದ ಇರುತ್ತಿತ್ತು. ತಟ್ಟೆ ಮುಗಿದ ಮೇಲೆ ಟೇಪು ಖಾಲಿ ಬಿಟ್ಟರೆ ಗಿರಾಕಿಗೆ ಮೋಸ ಮಾಡಿದ ಹಾಗೆ ಎಂದುಕೊಂಡು ಅಂಗಡಿಯವ ಕೈಗೆ ಸಿಕ್ಕ ಬೇರೆ ಯಾರದೋ ಹಾಡನ್ನು ತುಂಬಿಸಿರಬೇಕು. ಯಾರ ಹಾಡು, ಯಾವ ದೇಶದ್ದು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಡ್ರಮ್ಮಿನವನು ಹಾಡಿದ್ದು ಎಂದು ಊರಿಗೆಲ್ಲ ಸಾರಿದವಳು ನಾನು. ಆದರೆ ನಾಚಿಕೆಗಿಂತ ಹೆಚ್ಚಾಗಿ ಭಯ. ಅಣ್ಣ ಏನಾಗುತ್ತಾನೋ ಎಂದು ಅವನ ಕಡೆ ನೋಡಿದೆ. ಪಾರ್ಥ ಹೇಳಿದ್ದರಲ್ಲಿ ಅವನಿಗೆ ಎಷ್ಟು ಕೇಳಿಸಿತೋ, ಮೇಧಾ ಅವನ ಕಿವಿಯ ಹತ್ತಿರ ಬಾಗಿ ಅದನ್ನೇ ತಮಿಳಿನಲ್ಲಿ ಹೇಳಿದಳು. ಆಮೇಲೆ ಅವನ ಹೊಟ್ಟೆ ಅಲುಗತೊಡಗಿತು. ಅವನು ನಗುತ್ತಿದ್ದ.

“ಎಲೆಯಲ್ಲಿ ಜಾಗ ಉಂಟು ಅಂತ ಬಡಿಸಿದ್ದಾನೆ ಪುಣ್ಯಾತ್ಮ,” ಎಂದ. “ನಾವೂ ಅದನ್ನೇ ಮಾಡುದಲ್ವಾ. ಹೋಟೆಲಿನವರಾಗಿ ನಮಗೇ ಗೊತ್ತಾಗ್ಲಿಲ್ಲ.”

ನಕ್ಕು ನಕ್ಕು ಅವನ ಕಣ್ಣು ಒದ್ದೆಯಾಯಿತು. ಅದು ನಗುವಿನದೋ ಅಲ್ಲವೋ ನಾನು ಕೇಳಲಿಲ್ಲ. ಇಯರ್‌ಫೋನನ್ನು ತೆಗೆದು ಪಕ್ಕಕ್ಕಿಟ್ಟ. ಹೊತ್ತಾಯಿತೆಂದು ನರ್ಸು ಬಾಗಿಲಲ್ಲಿ ನಿಂತಿದ್ದಳು. ಪಾರ್ಥ ಬೇಕಾದರೆ ನಾವೆಲ್ಲ ಸೇರಿ ಕಡೇ ಹಾಡನ್ನು ಹಾಡುತ್ತೇವೆ ಎಂದ, ಅವನ ಗಂಟಲಿನ ಪರಿಚಯವಿದ್ದ ನನಗೆ ಎದೆ ನಡುಗಿತು. ಅಣ್ಣ ಬೇಡವೆಂದು ಕೈಯಾಡಿಸಿ, ಮಗಳನ್ನು ಹತ್ತಿರ ಕೂರಿಸಿಕೊಂಡ.

“ಹಾಡು ಸಾಕು. ನೀನು ಮಾತಾಡು ಮಗಾ. ಕನ್ನಡದಲ್ಲಿ ಮಾತಾಡು.”

“ಎನ್ನಪ್ಪಾ ಪೇಸರದು?” ಏನು ಮಾತಾಡಲಿ ಎಂದು ಅವಳು ತಮಿಳಿನಲ್ಲೇ ಕೇಳಿದಳು.

“ಎಂತಾದ್ರೂ.”

ಅವಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ತಪ್ಪಾದರೆ ನಾವು ನಗುತ್ತೇವೆ ಎಂಬ ಅಂಜಿಕೆ ಅವಳಿಗೆ ಯಾವಾಗಲೂ ಇತ್ತು, ನಕ್ಕೂ ಇದ್ದೆವು. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಾಯಿ ತಂದು ತಡೆದು ತಡೆದು ಶುರು ಮಾಡಿದಳು.

“ನಿನ್ನೆ ಸ್ಕೂಲಲ್ಲಿ ಬಾಟನಿ ಟೆಸ್ಟ್ ಇತ್ತು. ನಾನು... ನಾನು ಚೆನ್ನಾಗಿ ಬರೀಲಿಲ್ಲ. ಕಾಂತಿಮತಿ ಮಿಸ್ ಬೈದ್ರು. ನನಗೆ ಅಳು ಬಂತು, ಆದ್ರೆ ಅಳಲಿಲ್ಲ. ಅಪ್ಪಾ, ನನಗೆ ತುಂಬಾ ಭಯ ಆಗ್ತಾ ಉಂಟು.”

ಅಣ್ಣ ಹ್ಞೂಂ ಹ್ಞೂಂ ಎನ್ನುತ್ತ ಕೇಳುತ್ತಿದ್ದ. ಅವಳು ನಿಲ್ಲಿಸಿದಾಗಲೆಲ್ಲ ಮತ್ತೆ ಎಂದ. ಅವಳು ಬೆಕ್ಕಿನ ವಿಚಾರ ಹೇಳಿದಳು, ಯಾರೋ ಗೆಳತಿಯ ಜಗಳ ಹೇಳಿದಳು, ಮಾತು ಸಿಗದ ಕಡೆ ಕೈಯಲ್ಲಿ ತೋರಿಸಿ ಮತ್ತೆ ಮಾತು ಹುಡುಕಿದಳು. ನರ್ಸು ಒಳಗೆ ಬರಲಿಲ್ಲ. ಪಾರ್ಥ ಕಿಟಕಿಯ ಕಡೆ ತಿರುಗಿ ನಿಂತಿದ್ದ.

ಆಪರೇಷನ್ ಚೆನ್ನಾಗಿಯೇ ಆಯಿತು. ಜೀವಕ್ಕಿದ್ದ ಅಪಾಯ ಕಳೆಯಿತು, ಕಿವಿ ಉಳಿಯಲಿಲ್ಲ. ಅಣ್ಣ ಸ್ವಲ್ಪ ಕಾಲದ ಮೇಲೆ ಮತ್ತೆ ಗಲ್ಲಾಕ್ಕೆ ಹೋದ. ಸಪ್ಲೈಯರುಗಳು ಬೆರಳು ಮಡಚಿ ಲೆಕ್ಕ ಹೇಳುವುದನ್ನು ಕಲಿತರು. ತನ್ನ ದನಿ ತನಗೇ ಕೇಳಿಸದ್ದರಿಂದ ಅವನು ಎಲ್ಲವನ್ನೂ ದೊಡ್ಡದಾಗಿ ಹೇಳುತ್ತಾನೆ, ಗುಟ್ಟಿನ ಮಾತೂ ರಸ್ತೆಯ ಆಚೆಗೆ ಹೋಗುತ್ತದೆ.

ಒಂದು ಭಾನುವಾರ ಅವನ ಮನೆಗೆ ಹೋಗಿದ್ದೆ. ನಡುಮನೆಯ ಕುರ್ಚಿಯಲ್ಲಿ ಅವನು, ಎದುರಿಗೆ ನಾನು. ಅಡುಗೆಮನೆಯಲ್ಲಿ ಮೇಧಾ ತಾಯಿಯ ಜೊತೆ ಎಂದಿನಂತೆ ಗಡಗಡನೆ ತಮಿಳು ಮಾತಾಡುತ್ತಿದ್ದಳು. ಅಣ್ಣ ಅತ್ತ ಒಮ್ಮೆ ನೋಡಿ, ನನ್ನ ಕಡೆ ಬಾಗಿ, ಗುಟ್ಟೆಂದುಕೊಂಡು ಇಡೀ ಮನೆಗೆ ಕೇಳುವ ಹಾಗೆ ಕೇಳಿದ.

“ಇವಳು ಈಗ್ಲೂ ಕನ್ನಡ ಮಾತಾಡ್ತಾಳಾ?”

ಅಡುಗೆಮನೆಯಲ್ಲಿ ಮಾತು ನಿಂತಿತು. ಸುಳ್ಳು ಹೇಳಿದರೆ ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮೇಧಾ ಹೊರಗೆ ಬಂದು ಅವನ ಕುರ್ಚಿಯ ಹಿಂದೆ, ಅವನಿಗೆ ಕಾಣದ ಕಡೆ ನಿಂತು, ಗೋಡೆಯ ಸ್ವಿಚ್ಚಿಗೆ ಕೈ ಹಾಕಿದಳು.

“ಅಪ್ಪಾ, ಫ್ಯಾನ್ ಹಾಕ್ತೇನೆ, ಸೆಕೆ ಆಗ್ತಾ ಉಂಟು,” ಎಂದಳು ಅವನ ಬೆನ್ನಿಗೆ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೌದೆಂದು ತಲೆಯಾಡಿಸಿದೆ.